ಬಲಮೊಲೆಯ ಹಾಲು

ತೆಕ್ಲಾ ಸತ್ತ ಬೆಳಿಗ್ಗೆ ಅವಳ ಹಸುಗೂಸನ್ನು ಎತ್ತಿ ತಂದು ಕಚಾನಾಳ ಬಲಮೊಲೆಗೆ ಹಚ್ಚಿದವಳು ಅವರಿಬ್ಬರ ಅತ್ತೆ ಅಯಂಪೋಕಾ. ಹೆತ್ತ ಮೇಲೆ ತೆಕ್ಲಾಳಿಗೆ ರಕ್ತ ನಿಲ್ಲಲೇ ಇಲ್ಲ. ಪಟ್ಟಣಕ್ಕೆ ಒಯ್ಯಲು ಗಾಡಿ ಹುಡುಕುತ್ತಿರುವಾಗಲೇ ಅವಳ ಕೈಕಾಲು ತಣ್ಣಗಾಗಿದ್ದವು. ಗಂಡಸರು ಅಂಗಳದಾಚೆ ಗೋರಿಯ ದುಂಡನೆ ಬಾಯಿ ತೋಡುತ್ತಿದ್ದ ಸದ್ದು ಒಳಗೆ ಕೇಳಿಸುತ್ತಿತ್ತು. ಕೂಸು ತನ್ನ ಮುಷ್ಟಿಯನ್ನೇ ಚೀಪುತ್ತ ಬಿದ್ದಿತ್ತು.

ಕಚಾನಾ ಆ ಮನೆಯ ಹಿರಿಯ ಸೊಸೆ. ಗಂಡ ಅಪಿಯು ದಕ್ಷಿಣದ ಕೋಕೋ ತೋಟಗಳಲ್ಲಿ ದುಡಿಯಲು ಹೋದವನು ಮಳೆಗಾಲಕ್ಕೆ ಮಾತ್ರ ಊರಿಗೆ ಬರುತ್ತಿದ್ದ. ಮಗ ವೇಪಿಯಾ ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದ. ಸಜ್ಜೆ ಮುದ್ದೆಯ ರುಚಿ ಹತ್ತಿದ್ದರೂ ಮೊಲೆ ಬಿಟ್ಟಿರಲಿಲ್ಲ. ತೆಕ್ಲಾ ಮೈದುನ ಅದ್ದಾನ ಹೆಂಡತಿ. ಓರಗಿತ್ತಿಯರಿಬ್ಬರೂ ಮೊದಮೊದಲು ಒಂದೇ ಜೀವದ ಹಾಗಿದ್ದವರು. ಗೋಡೆಗೆ ಕಪ್ಪು ಕೆಂಪು ಚಿತ್ತಾರ ಬರೆಯುವಾಗ ಒಬ್ಬಳು ಎಳೆದ ಗೆರೆಯನ್ನು ಇನ್ನೊಬ್ಬಳು ಮುಂದುವರಿಸುತ್ತಿದ್ದಳು. ಆಮೇಲೆ ಕಳೆದ ಮಳೆಗಾಲದಲ್ಲಿ ಗಿನಿ ಕೋಳಿಯೊಂದು ಕಣಜದ ಹಿಂದೆ ಕದ್ದು ಮೊಟ್ಟೆಯಿಟ್ಟಿತು. ಮೊಟ್ಟೆ ಯಾರದೆಂದು ಜಗಳ ಹತ್ತಿ ಇಬ್ಬರಿಗೂ ಮಾತು ನಿಂತಿತು. ತೆಕ್ಲಾ ಹೆರಿಗೆ ನೋವು ತಿನ್ನುವಾಗಲೂ ಕಚಾನಾ ಬಿಸಿನೀರು ಹೊತ್ತು ತಂದು ಬಾಗಿಲಲ್ಲಿಟ್ಟು ಬಂದಳೇ ಹೊರತು ಒಳಗೆ ಹೋಗಿ ಕೈ ಹಿಡಿದುಕೊಳ್ಳಲಿಲ್ಲ. ಇವತ್ತಲ್ಲ ನಾಳೆ ಮಾತಾಡಿದರಾಯಿತು ಅಂದುಕೊಂಡಿದ್ದಳು.

ಅತ್ತೆ ಅವಳ ಸೆರಗು ತಾನೇ ಸರಿಸಿ ಕೂಸನ್ನು ಬಲಕ್ಕೆ ಹಿಡಿದಳು. "ಎಡಗಡೇದು ನಿನ್ನ ಮಗಂದು, ಬಲಗಡೇದು ಇದರದ್ದು. ಒಂದಕ್ಕೊಂದು ಬೆರೆಸಬೇಡ. ತಾಯಿ ಸತ್ತ ಮಗುವಿನ ಎಂಜಲು ನಿನ್ನ ಮಗನ ಬಾಯಿಗೆ ಹೋಗಬಾರದು, ತಿಳೀತಾ?"

ಕಚಾನಾ ತಲೆಯಾಡಿಸಿದಳು. ಕೂಸಿನ ಬಾಯಿ ಬಿಸಿಯಾಗಿತ್ತು, ಅದರ ಎಳೆತ ಅಷ್ಟು ಸಣ್ಣದಕ್ಕೆ ತಕ್ಕದ್ದಾಗಿರಲಿಲ್ಲ. ಹೊರಗೆ ಗೋರಿಯ ಬಾಯಿ ಮುಚ್ಚಿ, ಮೇಲೆ ಗಡಿಗೆಯನ್ನು ಬೋರಲು ಹಾಕಿದರು. ಶನಿವಾರ ಹುಟ್ಟಿದ ಹೆಣ್ಣುಕೂಸಾದ್ದರಿಂದ ಅದನ್ನು ಅಸಿಬಿ ಎಂದು ಕರೆದರು.

ಮೊದಲ ಕೆಲವು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಎರಡು ಕಡೆಯ ಹಾಲೂ ಬೇರೆಬೇರೆಯಾಗತೊಡಗಿತು. ಎಡಗಡೆಯದು ತೆಳ್ಳಗೆ, ನೀಲಿಯ ಛಾಯೆಯಲ್ಲಿ ಬರುತ್ತಿತ್ತು. ಬಲಗಡೆಯದು ಗಟ್ಟಿ, ಬಟ್ಟೆಗೆ ತಾಗಿದರೆ ಒಣಗಿದ ಮೇಲೂ ಅಂಚು ಉಳಿಯುತ್ತಿತ್ತು. ಒಂದು ಮಧ್ಯಾಹ್ನ ಕಚಾನಾ ಚಾಪೆಯ ಮೇಲೆ ಅಡ್ಡಾಗಿದ್ದಾಗ ವೇಪಿಯಾ ಅಂಬೆಗಾಲಿಟ್ಟು ಬಂದು ಅರಿಯದೆ ಬಲಮೊಲೆಗೆ ಬಾಯಿ ಹಾಕಿದ. ಎರಡು ಗುಟುಕು ಕುಡಿದದ್ದೇ ತಡ, ಬಿಟ್ಟು ತಲೆಯೆತ್ತಿ ತಾಯಿಯ ಮುಖವನ್ನೇ ನೋಡಿದ. ಸಂತೆಯಲ್ಲಿ ಬೇರೆ ಹೆಂಗಸಿನ ಬೆನ್ನಿಗೆ ಕಟ್ಟಿಸಿಕೊಂಡ ಮಗು ಹೇಗೆ ನೋಡುತ್ತದೋ ಹಾಗೆ. ಆಮೇಲೆ ಕಿರುಚಿ ಅತ್ತು ಅಜ್ಜಿಯ ಹತ್ತಿರ ಹೋದವನು ಸಂಜೆಯವರೆಗೆ ಅವಳ ಹತ್ತಿರ ಸುಳಿಯಲಿಲ್ಲ. ಕಚಾನಾ ಅಂಗೈಗೆ ಒಂದು ಹನಿ ಹಿಂಡಿಕೊಂಡು ನಾಲಗೆಗೆ ತಾಗಿಸಿದಳು. ಉಪ್ಪು. ಎಡಗಡೆಯದನ್ನೂ ಹಿಂಡಿ ನೋಡಿದಳು. ಅದು ಎಂದಿನ ಹಾಗೆ ಸಿಹಿ.

ಒರಳಿನಲ್ಲಿ ಸಜ್ಜೆ ಕುಟ್ಟುವಾಗ ಇದ್ದಕ್ಕಿದ್ದಂತೆ ಬಲಮೊಲೆ ಬಿಗಿದು ಸೆರಗು ಒದ್ದೆಯಾಗುತ್ತಿತ್ತು. ಅದಾದ ಒಂದು ಉಸಿರಿನ ಬಳಿಕ ಒಳಗೆ ಮಲಗಿದ್ದ ಅಸಿಬಿ ಎದ್ದು ಅಳುತ್ತಿತ್ತು. ಕೂಸು ಮಿಸುಕಿದ ಸದ್ದು ತನ್ನ ಕಿವಿಗೆ ಬಿದ್ದಿರಬೇಕು ಎಂದುಕೊಂಡಳು ಕಚಾನಾ. ಆದರೆ ಒಮ್ಮೆ ಊರಾಚೆಯ ಕೊಳವೆಬಾವಿಯ ಹತ್ತಿರ, ಹತ್ತು ಹೆಂಗಸರು ಬಕೆಟ್ಟು ತಮಟೆ ಮಾಡಿಕೊಂಡು ಹರಟುತ್ತಿದ್ದ ಜಾಗದಲ್ಲಿ, ಅದೇ ಆಯಿತು. ಸಾಲಿನಲ್ಲಿದ್ದವರು ನಕ್ಕರು. ಒಂದು ಕಡೆ ಮಳೆ ಒಂದು ಕಡೆ ಬರ, ನಿನ್ನ ಹೊಲದಲ್ಲಿ ದೇವರು ಕುಡಿದು ಬೇಲಿ ಹಾಕಿದ್ದಾನೆ ಅಂದರು. ಕಚಾನಾಳೂ ನಕ್ಕಳು. ಮನೆಗೆ ಬಂದು ಕೇಳಿದರೆ, ಈಗ ಸ್ವಲ್ಪ ಹೊತ್ತಿನ ಮುಂಚೆ ಎದ್ದು ಅತ್ತು, ತಾನೇ ಸುಮ್ಮನಾಯಿತು ಎಂದಳು ಅತ್ತೆ.

ಹಾಲು ಕುಡಿಯುವಾಗ ಅಸಿಬಿಯ ಕಣ್ಣು ಅವಳ ಮುಖದ ಮೇಲೆ ಇರುತ್ತಿರಲಿಲ್ಲ. ಬಲ ಹೆಗಲಿನ ಮೇಲೆ, ತುಸು ಹಿಂದಕ್ಕೆ ನೆಟ್ಟಿರುತ್ತಿತ್ತು. ಎಷ್ಟೋ ಸಲ ಕಚಾನಾ ಹಿಂತಿರುಗಿ ನೋಡಿದಳು. ಅಲ್ಲಿ ಗೋಡೆಯಿತ್ತು, ಗೋಡೆಯ ಮೇಲೆ ಅವಳೂ ತೆಕ್ಲಾಳೂ ಬರೆದ ಹಳೆಯ ಗೆರೆಗಳಿದ್ದವು. ಅಂಗಳ ದಾಟುವಾಗ ಬೋರಲು ಗಡಿಗೆಯ ಹತ್ತಿರ ಬಂದರೆ ಬಲಗಡೆ ಜುಮ್ಮೆನ್ನುತ್ತಿತ್ತು. ಅವಳು ಕಣಜದ ಹಿಂದಿನಿಂದ ಸುತ್ತು ಹಾಕಿ ಓಡಾಡತೊಡಗಿದಳು. ಮಾತು ಬಿಟ್ಟು ಹೋದವಳು ತನ್ನ ಮೈಯೊಳಗೇ ಬಂದು ಕೂತಳೇ ಎಂಬ ಯೋಚನೆಯನ್ನು ಅವಳು ಯಾರಿಗೂ ಹೇಳಲಿಲ್ಲ.

ಅಸಿಬಿಗೆ ಮೊದಲ ಸಲ ಮೈ ಬಿಸಿಯಾದಾಗ ಬಲಗಡೆಯ ಹಾಲು ಹಳದಿಗೆ ತಿರುಗಿತು, ಹೆತ್ತ ಮೊದಲ ದಿನದ ಹಾಲಿನ ಹಾಗೆ. ಆ ಮೊದಲ ಹಾಲನ್ನು ಕೊಳೆಯೆಂದು ನೆಲಕ್ಕೆ ಹಿಂಡಿ ಮಣ್ಣು ಮುಚ್ಚುವುದು ಆ ಸೀಮೆಯ ರೂಢಿ. ಕಚಾನಾಳಿಗೆ ಹೆದರಿಕೆಯಾಯಿತು, ಆದರೆ ಕೂಸು ಬಾಯಿ ಬಿಡಲಿಲ್ಲ, ಅವಳೂ ಬಿಡಿಸಲಿಲ್ಲ. ಕೆಲ ದಿನದಲ್ಲಿ ಜ್ವರ ಇಳಿಯಿತು. ಹಾಲೂ ಬೆಳ್ಳಗಾಯಿತು.

ಮಕ್ಕಳನ್ನು ತೂಗುವ ದಿನ ನರ್ಸ್ ರೋಸ್ಮಂಡ್ ಎಂದಿನಂತೆ ಬೇವಿನ ಮರದ ಕೊಂಬೆಗೆ ತಕ್ಕಡಿ ತೂಗಿಹಾಕಿ ಕೂತಿದ್ದಳು. ಅವಳು ದಕ್ಷಿಣದವಳು. ಇಲ್ಲಿನ ಮಾತನ್ನು ಮುರಿದು ಮುರಿದು ಆಡುತ್ತ ತಾನೇ ನಗುತ್ತಿದ್ದಳು. ಕಚಾನಾ ಯಾರದೋ ವಿಷಯವೆಂಬಂತೆ ಹಾಲಿನ ಬಣ್ಣದ ಮಾತು ತೆಗೆದಳು. ನರ್ಸ್ ಅದು ಕೀವಲ್ಲ, ಕೊಳೆಯೂ ಅಲ್ಲ ಅಂದಳು. ಮಗು ಚೀಪುವಾಗ ಅದರ ಜೊಲ್ಲು ಮೊಲೆಯೊಳಕ್ಕೆ ಹೋಗುತ್ತದಂತೆ. ಮಗುವಿಗೆ ಯಾವ ಕಾಯಿಲೆ ಎಂಬುದು ಅದರಿಂದಲೇ ಮೈಗೆ ತಿಳಿಯುತ್ತದಂತೆ. ತಿಳಿದ ಮೇಲೆ ಮೈ ಅದಕ್ಕೆ ತಕ್ಕ ಮದ್ದನ್ನು ಹಾಲಿಗೆ ಬೆರೆಸುತ್ತದಂತೆ. ಎಳೆಗೂಸಿನ ಹಾಲು ನಡೆಯುವ ಮಗುವಿಗಲ್ಲ, ಬೆಳಗಿನ ಹಾಲು ಸಂಜೆಗಿಲ್ಲ. ಸಂಜೆಯದರಲ್ಲಿ ನಿದ್ದೆ ತರಿಸುವಂಥದ್ದು ಏನೋ ಇರುತ್ತದೆ ಎಂದಳು. ಎರಡು ಮೊಲೆಯ ಅಡುಗೆಯೂ ಬೇರೆಬೇರೆ ಒಲೆಯ ಮೇಲೆ ಎಂದಳು.

ಕಚಾನಾ ತನ್ನ ಎದೆಯತ್ತ ನೋಡಿಕೊಂಡಳು. "ಅಂದ್ರೆ ಅದಕ್ಕೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

"ಯಾರಿಗೆ ಗೊತ್ತಾಗುತ್ತೆ? ನಂಗಂತೂ ಏನೂ ಗೊತ್ತಾಗಲಿಲ್ಲ."

ನರ್ಸ್ ನಕ್ಕು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ತಕ್ಕಡಿಯ ಚೀಲದಲ್ಲಿ ಕೂತ ಮುಂದಿನ ಮಗು ಉಚ್ಚೆ ಹೊಯ್ದು ಗಲಾಟೆಯಾಯಿತು. ಕಚಾನಾ ಅಸಿಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಮನೆಯ ದಾರಿ ಹಿಡಿದಳು. ಬರುವಾಗ ಇದ್ದ ಭಯಕ್ಕಿಂತ ಹೋಗುವಾಗಿನ ಭಯ ದೊಡ್ಡದಾಗಿತ್ತು. ತನ್ನೊಳಗೆ ಏನೋ ಒಂದು ಕಿವಿಗೊಟ್ಟು ಕೂತಿದೆ ಎಂದು ಓದಿದವಳೂ ಒಪ್ಪಿಕೊಂಡಂತಾಗಿತ್ತು.

ಹರ್ಮತ್ತಾನ್ ಗಾಳಿ ಶುರುವಾಯಿತು. ಮರುಭೂಮಿಯ ಧೂಳು ಆಕಾಶ ತುಂಬಿ, ನಡುಹಗಲಲ್ಲೂ ಸೂರ್ಯ ಬೇಯಿಸಿದ ಮೊಟ್ಟೆಯಂತೆ ಬೆಳ್ಳಗೆ ತೂಗುತ್ತಿತ್ತು. ತುಟಿ ಒಡೆದವು, ಮಕ್ಕಳೆಲ್ಲ ಕೆಮ್ಮಿದರು. ಅಸಿಬಿಗೆ ಕೆಮ್ಮಿನ ಜೊತೆ ಭೇದಿಯೂ ಹತ್ತಿತು. ಬಲಗಡೆಯ ಹಾಲು ಮತ್ತೆ ಹಳದಿಯಾಯಿತು, ಹೋದ ಸಲಕ್ಕಿಂತ ಗಾಢವಾಗಿ. ಒಗೆದು ಹರವಿದ ಸೆರಗಿನ ಮೇಲಿನ ಕಲೆಯನ್ನು ಈ ಸಲ ಅತ್ತೆ ಕಂಡಳು. ಅವಳು ಹೋಗಿ ಕೇರಿಯ ಇಬ್ಬರು ಹಿರಿಯ ಹೆಂಗಸರನ್ನು ಕರೆತಂದಳು. ಕಣಜದ ಬುಡದಿಂದ ಕರಿಇರುವೆಗಳನ್ನು ಹಿಡಿದು ಎಲೆಯಲ್ಲಿ ಸುತ್ತಿ ತಂದಳು.

ತಾಯಿಯ ಹಾಲು ಕಹಿಯೋ ಅಲ್ಲವೋ ಎಂದು ಇರುವೆಯಿಂದ ನೋಡುವುದು ಕಚಾನಾಳಿಗೆ ಹೊಸದಲ್ಲ. ವೇಪಿಯಾ ಹುಟ್ಟಿದಾಗಲೂ ನೋಡಿದ್ದರು. ಇರುವೆಗಳು ಈಜಿ ಅಂಚು ಹತ್ತಿ ಹೋಗಿದ್ದವು, ಹಾಲು ಒಳ್ಳೆಯದೆಂದು ತೀರ್ಮಾನವಾಗಿತ್ತು. ಈಗ ಅಂಗಳದ ನಡುವೆ ಕೂರಿಸಿ ಎರಡು ಸೋರೆಬುರುಡೆಯ ಹೋಳುಗಳಿಗೆ ಎರಡು ಕಡೆಯ ಹಾಲನ್ನು ಬೇರೆಬೇರೆ ಹಿಂಡಿಸಿದರು. ಎಡಗಡೆಯ ಹೋಳಿನಲ್ಲಿ ಬಿಟ್ಟ ಇರುವೆಗಳು ಒದ್ದಾಡಿ ಅಂಚು ಹತ್ತಿ ಚದುರಿ ಹೋದವು. ಬಲಗಡೆಯ ಹೋಳಿನಲ್ಲಿ ಬಿಟ್ಟವು ಒಂದು ಸುತ್ತು ಹಾಕಿದವು, ನಿಧಾನವಾದವು, ನಿಂತವು. ಒಂದು ಇರುವೆ ಕುಡಿಯಲೆಂಬಂತೆ ತಲೆ ಬಗ್ಗಿಸಿದ್ದು ಹಾಗೇ ಉಳಿಯಿತು. ಒಂದೂ ಮೇಲೆ ಬರಲಿಲ್ಲ.

"ಹಾಲು ಗಟ್ಟಿ ಇದೆ ಅತ್ತೆ, ಅವುಗಳ ಕಾಲು ಅಂಟ್ಕೊಂಡಿವೆ ಅಷ್ಟೆ," ಎಂದಳು ಕಚಾನಾ. ಯಾರೂ ಅವಳತ್ತ ನೋಡಲಿಲ್ಲ.

ಬಂದಿದ್ದವರಲ್ಲಿ ಹೆಚ್ಚು ವಯಸ್ಸಾದವಳು ಮುಂದೆ ಬಾಗಿ, ಕಚಾನಾಳ ಮುಖಕ್ಕಲ್ಲ, ಬಲಮೊಲೆಗೆ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಜೆ ಹೊತ್ತು ಬಾಗಿಲಿಗೆ ಬಂದ ನೆಂಟರನ್ನು ಕೇಳುವ ಹಾಗಿತ್ತು. "ತೆಕ್ಲಾ, ಯಾಕೆ ಬಂದಿದ್ದೀಯಮ್ಮ?"

 ಕಚಾನಾಳ ಕೈ ಎರಡೂ ನೆಲದ ಮೇಲಿದ್ದವು, ಯಾರೂ ಅವಳನ್ನು ಮುಟ್ಟಿರಲಿಲ್ಲ. ಮೊಲೆಯ ತುದಿಯಲ್ಲಿ ಒಂದು ಹಳದಿ ಹನಿ ಮೂಡಿತು. ದಪ್ಪವಾಯಿತು, ಬಿತ್ತು. ಅದರ ಹಿಂದೆಯೇ ಹಾಲು ಎಳೆಯಾಗಿ ಸುರಿದು ಅವಳ ತೊಡೆಯ ಮೇಲೆ ಹರಿಯತೊಡಗಿತು. ಒಳಗೆ ಅಸಿಬಿ ಅಳಲು ಶುರುಮಾಡಿತು.

ಅಲ್ಲಿಂದ ಮುಂದೆ ಯಾರೂ ಕಚಾನಾಳ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅದ್ದಾ ಕಣಿ ಹೇಳುವವನ ಹತ್ತಿರ ಹೋಗಿ ಬಂದ. ಮಗುವಿನ ಬಾಯಿ ತಾಯಿಯನ್ನು ಇಲ್ಲಿ ಹಿಡಿದಿಟ್ಟಿದೆ, ಅವಳು ಹೋಗಲಾರಳು. ಹೋಗುವುದಾದರೆ ಮಗುವನ್ನೂ ಕರೆದುಕೊಂಡೇ ಹೋಗುತ್ತಾಳೆ, ಆದ್ದರಿಂದ ಕೂಸನ್ನು ತಾಯಿಯ ತವರಿಗೆ ಕಳಿಸಿ ಎಂದು ಅವನು ಹೇಳಿದನಂತೆ. ಅದ್ದಾ ಕಚಾನಾಳ ಮುಂದೆ ತಲೆಯೆತ್ತದೆ, ಅತ್ತಿಗೆ, ಎರಡನೇ ಗೋರಿ ತೋಡೋ ಶಕ್ತಿ ನಂಗಿಲ್ಲ ಎಂದಷ್ಟೇ ಹೇಳಿದ. ಫೋನಿನಲ್ಲಿ ಅಪಿಯು ಅವ್ವ ಹೇಳಿದ ಹಾಗೆ ಕೇಳು ಎಂದ. ನರ್ಸಿನ ಮಾತನ್ನು ಕಚಾನಾ ಬಾಯಿಬಿಟ್ಟು ಹೇಳಿದಾಗ ಅತ್ತೆ, ಒಳಗೆ ಯಾರೋ ಇದ್ದಾರೆ ಅಂತ ಅವಳೂ ಹೇಳಿದಳಲ್ಲ ಮತ್ತೆ, ಎಂದಳು. 

ತೆಕ್ಲಾಳ ತಾಯಿ ಲಾರಿಬಾ ಗಡಿಯಾಚೆಯ ಹಳ್ಳಿಯಿಂದ ಮಗನ ಮೋಟರ್‌ಬೈಕಿನ ಹಿಂದೆ ಕೂತು ಬಂದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೂಸನ್ನು ಕೈಗೆ ಕೊಟ್ಟಾಗ ಅದರ ತಲೆ ಮೂಸಿ ನೋಡಿ ಬಟ್ಟೆಯಲ್ಲಿ ಸುತ್ತಿಕೊಂಡಳು. ಭೇದಿ ಆಗಲೇ ನಿಲ್ಲುತ್ತ ಬಂದಿತ್ತು, ಆದರೆ ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಬೈಕು ಧೂಳಿನೊಳಗೆ ಮರೆಯಾಗುವವರೆಗೂ ಅಳು ಕೇಳುತ್ತಿತ್ತು. ಅತ್ತೆ ಬಿಸಿ ಎಲೆಗಳನ್ನು ಜಜ್ಜಿ ಕಚಾನಾಳ ಬಲಮೊಲೆಗೆ ಬಿಗಿಯಾಗಿ ಕಟ್ಟಿದಳು. ಮೊದಲ ದಿನಗಳಲ್ಲಿ ಕಲ್ಲಿನ ಹಾಗಾಗಿ ಜ್ವರ ಬಂತು. ಆಮೇಲೆ ಮೆತ್ತಗಾಯಿತು, ಜೋತುಬಿತ್ತು, ಬತ್ತಿತು. ವೇಪಿಯಾ ಎಡಗಡೆಯದನ್ನು ಕುಡಿಯುತ್ತಲೇ ಇದ್ದ. ಬಲಗಡೆಯದರ ಮೇಲೆ ಅವನ ಕೈ ತಪ್ಪಿ ಬಿದ್ದರೂ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಗಡಿಗೆಯ ಹತ್ತಿರ ಹಾದುಹೋದರೂ ಈಗ ಏನೂ ಆಗುತ್ತಿರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡಳು ಕಚಾನಾ. ಆದರೂ ಮೈಯ ಅರ್ಧ ಭಾಗ ಯಾರೂ ಇಲ್ಲದ ಮನೆಯ ಹಾಗೆ ಅನಿಸುತ್ತಿತ್ತು.

ಗೋಡೆಗೆ ಹೊಸ ಮಣ್ಣು ಮೆತ್ತಿ ಚಿತ್ತಾರ ಬರೆಯುವ ಕಾಲ ಬಂತು. ಕೇರಿಯ ಹೆಂಗಸರೆಲ್ಲ ಸೇರಿ ಅವರ ಮನೆಯ ಗೋಡೆ ಹಿಡಿದಿದ್ದರು. ಗಾಳಿಯ ಕೊನೆಯ ಜೋರು. ಹತ್ತು ಮಾರು ದೂರದ ಮರ ಕಾಣದಷ್ಟು ಧೂಳು ಕವಿದಿತ್ತು. ಕಚಾನಾ ಕೆಂಪು ಮಣ್ಣಿನಲ್ಲಿ ಕೈ ಅದ್ದಿ ಗೋಡೆಯ ಮೇಲೆ ಎಳೆಯುತ್ತಿದ್ದಾಗ ಬಲಮೊಲೆ ಬಿಗಿಯಿತು.

ಅವಳು ಕೈ ನಿಲ್ಲಿಸಿದಳು. ಸೆರಗಿನೊಳಗೆ ಬಿಸಿಯಾಗಿ ಏನೋ ಹರಿಯಿತು. ಪಕ್ಕದವರಿಗೆ ಏನೂ ಹೇಳದೆ ಕಣಜದ ಹಿಂದೆ ಹೋಗಿ ಬಟ್ಟೆ ಸರಿಸಿ ನೋಡಿದಳು. ಬತ್ತಿ ವಾರಗಳೇ ಕಳೆದಿದ್ದ ಮೊಲೆ ತುಂಬಿ ನಿಂತಿತ್ತು. ಹಾಲು ಅರಿಶಿನದಷ್ಟು ಹಳದಿಯಾಗಿತ್ತು. ಮಗುವಿನ ಬಾಯಿ ತಾಗಿದರೆ ಮೈಗೆ ತಿಳಿಯುತ್ತದೆ ಎಂದು ನರ್ಸ್ ಹೇಳಿದ್ದಳು. ಯಾವ ಬಾಯಿಯೂ ತಾಗಿರಲಿಲ್ಲ. ಕಚಾನಾ ಕಣಜಕ್ಕೆ ಬೆನ್ನು ಆನಿಸಿ ಕೂತುಬಿಟ್ಟಳು. ಕೈಗೆ ಮೆತ್ತಿದ್ದ ಕೆಂಪು ಮಣ್ಣು ಒಣಗಿ ಬಿರಿಯುವವರೆಗೂ ಕೂತಿದ್ದಳು. ಹಾಲು ನಿಲ್ಲಲಿಲ್ಲ.

ಎದ್ದು ಅತ್ತೆಯ ಮುಂದೆ ಹೋಗಿ ನಿಂತಳು. "ಅತ್ತೆ, ನಾನು ಲಾರಿಬಾ ಅವರ ಮನೆಗೆ ಹೋಗ್ತೀನಿ."

"ಯಾರು ಕರೆದ್ರು ನಿನ್ನ?"

ಕಚಾನಾ ಸೆರಗು ತೋರಿಸಿದಳು. ಅಯಂಪೋಕಾ ಬಹಳ ಹೊತ್ತು ಅದನ್ನೇ ನೋಡಿದಳು. ಅವಳ ದನಿ ಸಣ್ಣದಾಯಿತು. "ಹೋಗಬೇಡ ಕಣೇ. ಕರೀತಿರೋಳು ಅವಳು. ನಿನಗೂ ಒಂದು ಮಗ ಇದ್ದಾನೆ, ಅವನ ಮುಖ ನೋಡು."

"ಅವಳು ಕರೀತಿರೋದು ನನ್ನನ್ನಲ್ಲ ಅತ್ತೆ, ಹಾಲನ್ನ. ನಾನು ಹೊತ್ಕೊಂಡು ಹೋಗೋಳು ಅಷ್ಟೆ." ಸ್ವಲ್ಪ ತಡೆದು ಕಚಾನಾ ಮತ್ತೆ ಹೇಳಿದಳು, "ಅವಳೇ ಇದರೊಳಗೆ ಇದ್ರೆ, ತನ್ನ ಮಗುಗೆ ವಿಷ ಹಾಕ್ತಾಳಾ? ನೀವೂ ಹೆತ್ತೋರು, ಹೇಳಿ."

ಅತ್ತೆ ಕಚಾನಾಳ ಬೆನ್ನಿನಿಂದ ವೇಪಿಯಾನನ್ನು ಬಿಚ್ಚಿ ತನ್ನ ಸೊಂಟಕ್ಕೆ ಎತ್ತಿಕೊಂಡಳು. ಸಜ್ಜೆ ಹಿಟ್ಟು ಕದಡಿದ ನೀರು ಒಂದು ಬುರುಡೆ ತಂದು ಸೊಸೆಗೆ ಕುಡಿಸಿದಳು.

ಗಡಿಯ ಸಂತೆಯವರೆಗೆ ಈರುಳ್ಳಿ ಮೂಟೆ ಹೇರಿದ ಮೂರು ಗಾಲಿಯ ಗಾಡಿಯಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ನಡಿಗೆ. ಕೊಯ್ಲಾದ ಹೊಲಗಳಲ್ಲಿ ಸಜ್ಜೆಯ ಕೂಳೆ ಬಿಟ್ಟರೆ ಏನೂ ಇರಲಿಲ್ಲ, ಅದೂ ನಾಲ್ಕು ಹೆಜ್ಜೆಯಾಚೆ ಧೂಳಿನಲ್ಲಿ ಕರಗುತ್ತಿತ್ತು. ಹಕ್ಕಿಯ ಸದ್ದಿಲ್ಲ. ಸ್ವಲ್ಪ ದೂರ ಹೋದ ಮೇಲೆ ತನ್ನ ಬಲಕ್ಕೆ ಇನ್ನೊಂದು ಜೊತೆ ಕಾಲಿನ ಸದ್ದು ಕೇಳುತ್ತಿದೆ ಎಂದು ಅವಳಿಗನಿಸಿತು. ತಾನು ನಿಂತರೆ ಅದೂ ನಿಲ್ಲುತ್ತಿತ್ತು, ಆದರೆ ಒಂದು ಹೆಜ್ಜೆ ತಡವಾಗಿ. ಅವಳು ಆ ಕಡೆ ತಿರುಗಿ ನೋಡಲಿಲ್ಲ.  ಏನಾದರೂ ಮಾತಾಡದಿದ್ದರೆ ಕಾಲು ಮುಂದೆ ಸಾಗದು ಎನಿಸಿ, ನೆಲ ನೋಡುತ್ತಲೇ ಹೇಳಿದಳು:

"ಆ ಮೊಟ್ಟೆ ನಿನ್ನವೇ ಕಣೇ. ನಿನ್ನ ಕೋಳೀನೇ ಇಟ್ಟಿದ್ದು. ನಂಗೆ ಆಗಲೇ ಗೊತ್ತಿತ್ತು, ಬಾಯಿ ಜೋರು ಮಾಡಿದ್ದು ಸುಮ್ನೆ."

 ಕಾಲಿನ ಸದ್ದು ಅವಳ ಹೆಜ್ಜೆಗೆ ಸರಿಯಾಗಿ ಕೂಡಿಕೊಂಡಿತು. ಒಂದು ಜೊತೆಯೋ ಎರಡೋ ಎಂದು ಆಮೇಲೆ ತಿಳಿಯದಾಯಿತು.

ದಾರಿ ಎರಡೆರಡಾಗಿ ಒಡೆಯುತ್ತ ಹೋಯಿತು. ಕಚಾನಾ ಎಲ್ಲೂ ನಿಲ್ಲಲಿಲ್ಲ. ಬಾವೋಬಾಬ್ ಮರದ ಎಡಕ್ಕೆ, ಒಣಗಿದ ಹಳ್ಳದ ದಂಡೆ ಹಿಡಿದು, ಮುರಿದ ಗೋಡೆಗಳ ನಡುವೆ ನಡೆದು, ಕೊನೆಗೆ ಒಂದು ಮನೆಯ ಗಿಡ್ಡ ಬಾಗಿಲಿನ ಮುಂದೆ ಬಂದಳು. ತಾನು ತೆಕ್ಲಾಳ ತವರಿಗೆ ಎಂದೂ ಬಂದವಳಲ್ಲ, ದಾರಿಯಲ್ಲಿ ಯಾರನ್ನೂ ಕೇಳಿದವಳಲ್ಲ ಎಂಬುದು ಬಗ್ಗಿ ಒಳಗೆ ತೆವಳುವಾಗ ಹೊಳೆಯಿತು.  ಆದರೆ ಆಗಲೇ ತಲೆ ಒಳಗಿತ್ತು.

ಲಾರಿಬಾ ಒಲೆಯ ಪಕ್ಕ ಕೂತಿದ್ದಳು. ಅಸಿಬಿ ಅವಳ ಮಡಿಲಲ್ಲಿತ್ತು. ಮುದುಕಿ ತನ್ನ ಒಣಗಿದ ಮೊಲೆಯನ್ನು ಕೂಸಿನ ಬಾಯಿಗೆ ಇಟ್ಟಿದ್ದಳು. ಚೀಪುವ ಶಕ್ತಿಯೂ ಅದಕ್ಕಿರಲಿಲ್ಲ. ಕಣ್ಣು ಒಳಕ್ಕೆ ಹೋಗಿದ್ದವು, ನೆತ್ತಿ ಗುಳಿ ಬಿದ್ದಿತ್ತು. ಪಕ್ಕದ ಗಡಿಗೆಯಲ್ಲಿ ಬೇರು ಕುದಿಸಿದ ನೀರು. ಹಾಲು ಬಿಟ್ಟಾಗಿನಿಂದ ಅದೂ ಹಿಟ್ಟಿನ ನೀರೂ ಅಷ್ಟೇ ಕೂಸಿನ ಹೊಟ್ಟೆಗೆ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು.

ಮುದುಕಿ ಮುಖವೆತ್ತಲಿಲ್ಲ. ಯಾರು ಎಂದೂ ಕೇಳಲಿಲ್ಲ. ಮೂಗು ಅರಳಿಸಿ ಗಾಳಿ ಮೂಸಿದಳು.

"ಬಂದ್ಯಾ," ಎಂದಳು. "ಎಷ್ಟು ತಡ ಮಾಡಿದೆಯೇ."

ತಾನು ಕಚಾನಾ ಎಂದು ಹೇಳಬೇಕೆಂದು ಬಾಯಿಗೆ ಬಂತು. ಹೇಳಲಿಲ್ಲ. ಎದುರು ಕೂತು ಕೂಸನ್ನು ತೆಗೆದುಕೊಂಡಳು. ಅದು ಮೊಲೆ ಹಿಡಿಯಲಿಲ್ಲ. ಬೆರಳ ತುದಿಯಿಂದ ಒಂದೊಂದೇ ಹನಿಯನ್ನು ಅದರ ತುಟಿಯ ಮೇಲೆ ಬಿಟ್ಟಳು. ಹಳದಿ ಹನಿ ಒಡೆದ ತುಟಿಯ ಮೇಲೆ ನಿಂತು, ಆಮೇಲೆ ಒಳಕ್ಕೆ ಜಾರುತ್ತಿತ್ತು. ಹಾಗೆ ಎಷ್ಟು ಹೊತ್ತು ಬಿಟ್ಟಳೋ, ಬಾಗಿಲಿನಿಂದ ಬೀಳುತ್ತಿದ್ದ ಬೆಳಕಿನ ತುಂಡು ಒಲೆಯಿಂದ ಸರಿದು ಗೋಡೆ ಹತ್ತಿತ್ತು. ನಾಲಗೆ ಒಮ್ಮೆ ಹೊರಗೆ ಬಂದು ತುಟಿ ನೆಕ್ಕಿತು. ಆಮೇಲೆ ಬಾಯಿ ತೆರೆದು ಕಚ್ಚಿಕೊಂಡಿತು.

ಹಾಲು ರಭಸವಾಗಿ ನುಗ್ಗಿತು. ಕೂಸು ಉಸಿರು ಕಟ್ಟಿ ಕೆಮ್ಮಿತು. ಲಾರಿಬಾ ಕೈ ಚಾಚಿ, ಹುಡುಕಿ, ಬಲಮೊಲೆಯ ಮೇಲೆ ಅಂಗೈಯಿಟ್ಟಳು. ಅಂಗೈ ಒಣಗಿದ ತೊಗಟೆಯ ಹಾಗಿತ್ತು.

"ತೆಕ್ಲಾ, ಮೆಲ್ಲಗೆ. ಮಗು ಕೆಮ್ಮುತ್ತೆ, ನೋಡು."

"ಹೂಂ," ಎಂದಿತು ದನಿ.

ಕಚಾನಾಳ ಬಾಯಿ ಮುಚ್ಚಿತ್ತೋ ತೆರೆದಿತ್ತೋ ಅವಳಿಗೇ ತಿಳಿಯಲಿಲ್ಲ. ದನಿ ಅವಳ ಎದೆಯಿಂದಲೇ ಬಂದಿತ್ತು, ಬಲಗಡೆಯಿಂದ. ಎದ್ದು ಓಡಬೇಕೆನಿಸಿತು. ಓಡಬೇಕಾದರೆ ಕೂಸಿನ ಬಾಯಿ ಬಿಡಿಸಬೇಕಿತ್ತು. ಅವಳು ಕೂತೇ ಇದ್ದಳು. ಹಾಲಿನ ರಭಸ ಇಳಿಯಿತು, ಕೂಸು ಗುಟುಕು ಗುಟುಕಾಗಿ ನುಂಗತೊಡಗಿತು. ಅದರ ಕಣ್ಣು ಅರೆತೆರೆದು, ಅವಳ ಬಲ ಹೆಗಲಿನ ಹಿಂದೆ ನೆಟ್ಟಿತ್ತು. ಈ ಸಲ ಕಚಾನಾ ತಿರುಗಿ ನೋಡಲಿಲ್ಲ. ಇದ್ದರೆ ಇರಲಿ ಅಂದುಕೊಂಡಳು.

ಮರುದಿನ ಬೆಳಿಗ್ಗೆ ತೆಕ್ಲಾಳ ಅಣ್ಣ ಕಚಾನಾಳನ್ನೂ ಕೂಸನ್ನೂ ಬೈಕಿನಲ್ಲಿ ಆ ಸೀಮೆಯ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನವರು ನೀರಿಗೆ ಬೆರೆಸಿ ಕುಡಿಸುವ ಪುಡಿ ಕೊಟ್ಟರು, ಒಂದು ದಿನ ಇಟ್ಟುಕೊಂಡು ನೋಡಿದರು. ಬೇರಿನ ನೀರು ಬೇಡ, ಮೊಲೆಹಾಲು ಬಿಡಿಸಬೇಡಿ ಎಂದರು. ತಾಯಿ ಯಾರು ಎಂದು ಕೇಳಿದಾಗ ಕಚಾನಾ ನಾನೇ ಅಂದಳು. ತೆಕ್ಲಾಳ ಅಣ್ಣ ಅವಳ ಮುಖ ನೋಡಿದ.

ಗಾಳಿ ನಿಂತು ಆಕಾಶ ನೀಲಿಯಾಗುವವರೆಗೆ ಅವಳು ಲಾರಿಬಾಳ ಮನೆಯಲ್ಲೇ ಇದ್ದಳು. ಮುದುಕಿ ಅವಳನ್ನು ಒಮ್ಮೆ ಕಚಾನಾ ಎಂದು, ಒಮ್ಮೆ ತೆಕ್ಲಾ ಎಂದು ಕರೆಯುತ್ತಿದ್ದಳು, ಅವಳು ಎರಡಕ್ಕೂ ಓಗೊಟ್ಟಳು. ಎಡಗಡೆಯ ಹಾಲನ್ನು ಹಿಂಡಿ ಹಿಂಡಿ ಚೆಲ್ಲಿದಳು, ಆದರೂ ವೇಪಿಯಾ ನೆನಪಾದಾಗಲೆಲ್ಲ ಅಲ್ಲಿ ನೋವು ಎದ್ದು ಬರುತ್ತಿತ್ತು. ಕೂಸು ಮೈ ಕೈ ತುಂಬಿಕೊಂಡ ಮೇಲೆ ಅದನ್ನು ಕಟ್ಟಿಕೊಂಡು ಮನೆಗೆ ಹೊರಟಳು. ಬಂದಾಗ ಅಷ್ಟು ಸಲೀಸಾಗಿ ಸಿಕ್ಕಿದ ದಾರಿ ಹೋಗುವಾಗ ಒಂದಿಷ್ಟೂ ಗುರುತು ಹತ್ತಲಿಲ್ಲ, ತೆಕ್ಲಾಳ ಅಣ್ಣ ಸಂತೆಯವರೆಗೆ ಬಂದು ಬಿಡಬೇಕಾಯಿತು.

ಅಯಂಪೋಕಾ ಅಂಗಳದಲ್ಲೇ ಇದ್ದಳು.  ಅಸಿಬಿಯ ತೊಡೆ ಹಿಂಡಿ ನೋಡಿ, ಒಳಗೆ ಹೋಗಿ ಬೆಂಡೆಯ ಸಾರು, ಬಿಸಿ ಮುದ್ದೆ ಬಡಿಸಿಕೊಂಡು ಬಂದಳು. ಅದ್ದಾ ಮೊದಲ ಸಲ ಮಗಳನ್ನು ಎತ್ತಿಕೊಂಡ, ಎತ್ತಿಕೊಳ್ಳುವ ಬಗೆ ತಿಳಿಯದೆ ಮೂಟೆಯ ಹಾಗೆ ಹಿಡಿದ. ವೇಪಿಯಾ ಅಷ್ಟು ದಿನದಲ್ಲಿ ಎಡಗಡೆಯದನ್ನೂ ಮರೆತಿದ್ದ. ಅದಕ್ಕೆ ಮಾತ್ರ ಕಚಾನಾ ಗೋಡೆಯ ಕಡೆ ತಿರುಗಿ ಅತ್ತಳು.

ಅಸಿಬಿ ನಡೆಯಿತು, ಓಡಿತು, ಬಲಮೊಲೆಯ ಹಾಲನ್ನೇ ಕುಡಿಯಿತು. ಮಳೆಗಾಲಕ್ಕೆ ಅಪಿಯು ಬಂದು ಹೋದ. ಕಚಾನಾ ಮತ್ತೆ ಬಸುರಾದಳು, ಹಾಲು ತಾನಾಗಿ ಇಳಿಯಿತು, ಅಸಿಬಿ ರಂಪ ಮಾಡದೆ ಬಿಟ್ಟುಕೊಟ್ಟಿತು. ಗಂಡು ಮಗು ಹುಟ್ಟಿದಾಗ ಎರಡೂ ಕಡೆ ಮೊದಲ ಹಾಲು ಹಳದಿಯಾಗಿ ಬಂತು. ಅತ್ತೆ ರೂಢಿಯಂತೆ ಹಿಂಡಲು ಬುರುಡೆ ಹಿಡಿದು ಬಂದು ನಿಂತಳು. ಕಚಾನಾ ಕೂಸನ್ನು ಎದೆಗೆ ಹತ್ತಿರ ಎಳೆದುಕೊಂಡು ಅತ್ತೆಯ ಮುಖ ನೋಡಿದಳು. ಅತ್ತೆ ಬುರುಡೆ ಕೆಳಗಿಟ್ಟು, ಬಾಗಿಲಿನ ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಕೂತಳು.

ಕೂಸು ಎಡಗಡೆ ಕುಡಿಯುತ್ತಿದ್ದಾಗ ಅಸಿಬಿ ಅಂಗಳದಿಂದ ಒಳಗೆ ಬಂದಳು. ಮೈಯೆಲ್ಲ ಮಣ್ಣು. ಹತ್ತಿರ ಬಂದು ಬಲಮೊಲೆಯನ್ನು ಸ್ವಲ್ಪ ಹೊತ್ತು ನೋಡಿದಳು. ಕುಡಿಯುತ್ತಾಳೇನೋ ಎಂದು ಕಚಾನಾ ತೋಳು ಸಡಿಲಿಸಿದಳು. ಅಸಿಬಿ ಬಾಯಿ ಹಾಕಲಿಲ್ಲ. ತಲೆ ವಾಲಿಸಿ ಅದರ ಮೇಲೆ ಕಿವಿಯಿಟ್ಟಳು. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ದೊಡ್ಡವರ ಹಾಗೆ ಆಲಿಸಿದಳು.

"ಏನು ಕೇಳಿಸ್ತೇ?" ಎಂದಳು ಕಚಾನಾ. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

"ಯಾರೂ ಇಲ್ಲ," ಎಂದಳು ಅಸಿಬಿ.

ಹೊರಗೆ ವೇಪಿಯಾ ಕೂಗಿದ. ಅವಳು ಬಗ್ಗಿ ಬಾಗಿಲು ದಾಟಿ ಓಡಿದಳು. ಕಚಾನಾ ಹಸುಗೂಸನ್ನು ಎಡದಿಂದ ಬಿಡಿಸಿ ಬಲಕ್ಕೆ ಹಿಡಿದಳು. ಅದು ಹುಡುಕಿ, ಹಿಡಿದು, ಎಳೆಯಿತು. ಅದರ ಕಣ್ಣು ನೇರ ಅವಳ ಮುಖದ ಮೇಲಿತ್ತು. ಅತ್ತೆ ಕೇಳಿದಳು, ಯಾಕೆ ಅಳ್ತಿದೀಯೇ ಎಂದು. ಕಚಾನಾ ಏನೂ ಇಲ್ಲ ಎಂದಳು.